ಬರೆದು ಕೊಡ್ರಿ ಎನ್ನುತ್ತಿದ್ದವರು

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಎಳೆಯ ಹೆಣ್ಣು ದನಿ, ತಡವರಿಸುವ ಕನ್ನಡ.

"ಅಂಕಲ್, ನೀವು ಬೊರಿವಲಿಯಲ್ಲಿ ಇರ್ತೀರಾ?"

"ಹೌದು. ಯಾರಮ್ಮ?"

"ಆಯಿ ಮೊಬೈಲ್‌ನಲ್ಲಿ ನಿಮ್ಮ ನಂಬರ್ ಸಿಕ್ತು. ಲೇಕಿನ್ ಹೆಸರು ಸ್ವಲ್ಪ... ಸಾರಿ ಹಾಂ ಅಂಕಲ್. 'ಮಣ್ಣುಗಳ್ಳ ಬೊರಿವಲಿ' ಅಂತ ಸೇವ್ ಇದೆ. ನಿಮ್ಮ ಅಸಲಿ ಹೆಸರು ನನಗೆ ಗೊತ್ತಿಲ್ಲ."

"ಅದು ನಾನೇ," ಅಂದೆ. ಅಷ್ಟು ಹೇಳುವ ಹೊತ್ತಿಗೆ ಮುಂದಿನ ಸುದ್ದಿ ಏನೆಂದು ತಿಳಿದಿತ್ತು. ಅವಳ ತಾಯಿ ಗುರುವಾರ ತೀರಿಕೊಂಡಿದ್ದರು. ವಿಲೆ ಪಾರ್ಲೆಯ ಕಾಲೇಜೊಂದರಲ್ಲಿ ಪಾಠ ಹೇಳುವ ಮಗಳು ಅಮ್ಮನ ಫೋನಿನಲ್ಲಿದ್ದ ಎಲ್ಲರಿಗೂ ಒಬ್ಬೊಬ್ಬರಾಗಿ ತಿಳಿಸುತ್ತಿದ್ದಳು. ನನಗಿಂತ ಮುಂಚೆ 'ಹೆದರುಪುಕ್ಕ ಸಾಹೇಬ' ಎಂಬುವರಿಗೂ, 'ಎರಡು ಚಾ' ಎಂಬುವರಿಗೂ ಹೇಳಿ ಮುಗಿಸಿದ್ದಳಂತೆ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ, ಲಿಖಿತ ಅನುಮತಿ ಎಲ್ಲಿ ಎಂದು ಕೇಳುವ ಹೆಂಗಸು ಅವರು. ಈಗ ಆ ಅನುಮತಿ ತರುವ ದಾರಿಯೂ ಇಲ್ಲ.

ಮಣ್ಣುಗಳ್ಳ ಎಂಬ ಬಿರುದು ಸುಮ್ಮನೆ ಬಂದದ್ದಲ್ಲ. ನಾನು ಬ್ಯಾಂಕಿನಲ್ಲಿದ್ದವನು. ಮೈಸೂರಿನಿಂದ ಮುಂಬೈಗೆ ವರ್ಗವಾಗಿ ಬಂದು, ಊರೊಳಗೇ ಕಾಡಾಗಿ ಉಳಿದಿರುವ ನ್ಯಾಷನಲ್ ಪಾರ್ಕಿನ ಮಗ್ಗುಲಲ್ಲೇ ಫ್ಲ್ಯಾಟ್ ಮಾಡಿಕೊಂಡು, ದಿನಾ ಬೆಳಿಗ್ಗೆ ಅಲ್ಲಿ ವಾಕಿಂಗ್ ಮುಗಿಸಿ ಲೋಕಲ್ ಹಿಡಿದು ಚರ್ಚ್‌ಗೇಟಿಗೆ ಹೋಗುತ್ತಿದ್ದೆ. ಒಂದು ದಿನ ಹೆಂಡತಿ, "ರೀ, ತುಳಸಿ ಕುಂಡಕ್ಕೆ ಒಳ್ಳೆ ಮಣ್ಣು ಬೇಕು. ನರ್ಸರಿಯದು ಬರೀ ತೆಂಗಿನ ನಾರು," ಎಂದಳು. ಪಾರ್ಕಿನೊಳಗೆ ಒಂದು ಹುತ್ತದ ಬದಿಯಲ್ಲಿ ಕೆಂಪನೆ ಮಣ್ಣು ಕಂಡಿತು. ಒಂದು ಚೀಲ ತುಂಬಿಕೊಂಡೆ. ಗೇಟಿನ ಹತ್ತಿರ ಗಾರ್ಡ್ ಹಿಡಿದ.

ಅವನು ನನ್ನನ್ನು ಕಾಡಿನ ಅಂಚಿನಲ್ಲಿದ್ದ ಸಣ್ಣ ಕಚೇರಿಗೆ ಕರೆದುಕೊಂಡು ಹೋದ. ಮೇಜಿನ ಹಿಂದೆ ಐವತ್ತರ ಆಸುಪಾಸಿನ ಹೆಂಗಸು, ತುರುಬಿನಲ್ಲಿ ಒಂದು ಬಾಲ್‌ಪೆನ್ನು, ಕೈಯಲ್ಲಿ ಇನ್ನೊಂದು. ಮರಾಠಿಯಲ್ಲಿ ಹೆಸರು, ವಿಳಾಸ, ಉದ್ಯೋಗ ಕೇಳಿ ಬರೆದುಕೊಂಡರು. ಬ್ಯಾಂಕ್ ಎಂದಾಗ ಕತ್ತೆತ್ತಿ ಒಮ್ಮೆ ನೋಡಿದರು. ನಾನು ತಲೆ ತಗ್ಗಿಸಿ, ನನಗಷ್ಟೇ ಕೇಳುವ ಹಾಗೆ, "ಅಯ್ಯೋ ದೇವರೇ, ಮಣ್ಣಿಗೂ ಕೇಸಾ!" ಎಂದು ಗೊಣಗಿದೆ.

"ಮಣ್ಣಿಗೆ ಕೇಸ್ ಇಲ್ರಿ," ಎಂದರು ಅವರು, ಬರೆಯುವುದನ್ನು ನಿಲ್ಲಿಸದೆ. "ನಿಮಗೈತಿ."

ವಿಜಯಪುರದ ಕಡೆಯ ಕನ್ನಡ. ನನಗೆ ಹೋದ ಜೀವ ಬಂದ ಹಾಗಾಯಿತು. ನಮ್ಮವರೇ ಅಲ್ಲವೇ, ಬಿಟ್ಟುಬಿಡುತ್ತಾರೆ ಎಂದುಕೊಂಡು, "ಮೇಡಂ, ನೀವು ಕನ್ನಡದವರಾ? ಎಂಥಾ ಸಂತೋಷ!" ಎಂದೆ.

"ಹೌದ್ರಿ. ನನಗೂ ಸಂತೋಷ ಆತು. ಇಷ್ಟು ದಿವಸ ಹಿಡದವ್ರೆಲ್ಲಾ ಪರಭಾಷಿಕರ. ಇಲ್ಲಿ ಸಹಿ ಹಾಕ್ರಿ."

ಪಾರ್ಕಿನಿಂದ ಒಂದು ಚೀಲ ಮಣ್ಣು ಕದ್ದದ್ದು ನಿಜ, ಇನ್ನು ಮುಂದೆ ಕದಿಯುವುದಿಲ್ಲ ಎಂದು ನಾನು ನನ್ನ ಕೈಯಾರೆ ಬರೆದುಕೊಟ್ಟೆ. ಅಷ್ಟಕ್ಕೇ ಬಿಡಲಿಲ್ಲ. "ಎಲ್ಲಿಂದ ತಗದೀರಿ, ಅಲ್ಲೇ ಹಾಕಿ ಬರ್ರಿ. ಗಾರ್ಡ್ ಸಂಗಟ ಬರ್ತಾನ," ಎಂದರು. ಎಲ್ಲ ವಾಕಿಂಗ್ ಮಿತ್ರರು ನೋಡುತ್ತಿರುವಾಗ, ಖಾಕಿಯವನೊಬ್ಬನ ಮುಂದೆ ಚೀಲ ಹಿಡಿದು ನಡೆದು, ಹುತ್ತದ ಪಕ್ಕದ ಗುಂಡಿಯನ್ನು ಮುಚ್ಚಿದೆ. ಅವನು ಬೂಟುಕಾಲಿನಿಂದ ತಟ್ಟಿ ನೋಡಿ, "ಠೀಕ್ ಹೈ," ಎಂದು ಪಾಸು ಮಾಡಿದ.

ಇದಾದ ಮೇಲೂ ನಮ್ಮ ನಡುವೆ ಸ್ನೇಹ ಹೇಗೆ ಬೆಳೆಯಿತು ಎಂದರೆ, ಅದಕ್ಕೆ ಶೇಂಗಾ ಚಟ್ನಿ ಕಾರಣ. ಮರುವಾರ ನಾನು ಕಚೇರಿಯ ಮುಂದೆ ಮುಖ ಮರೆಸಿಕೊಂಡು ಹೋಗುತ್ತಿದ್ದೆ. "ಮಣ್ಣಿನ ಸಾಹೇಬ್ರ, ಬರ್ರಿ, ರೊಟ್ಟಿ ತಿನ್ರಿ," ಎಂದು ಒಳಗಿನಿಂದ ಕೂಗಿದರು. ನಾಚಿಕೆಗಿಂತ ಹಸಿವು ದೊಡ್ಡದಿತ್ತು.

ಅವರ ತಂದೆತಾಯಿ ಕಟ್ಟಡದ ಕೆಲಸಕ್ಕೆಂದು ಮುಂಬೈಗೆ ಬಂದವರು. ಅವರು ಬೆಳೆದದ್ದು ಆಂಟಾಪ್ ಹಿಲ್‌ನಲ್ಲಿ, ಓದಿದ್ದು ಅಲ್ಲೇ ಹತ್ತಿರದ ಕನ್ನಡ ಶಾಲೆಯಲ್ಲಿ. ಗಂಡ ಅರಣ್ಯ ಇಲಾಖೆಯಲ್ಲಿ ಜೀಪ್ ಡ್ರೈವರ್. ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗ ಗಂಡ ಜ್ವರ ಬಂದು ತೀರಿಕೊಂಡರು. ಮಣ್ಣು ಮಾಡುವ ದಿನ ಬಂದ ಸಾಹೇಬರೊಬ್ಬರು, "ಚಿಂತೆ ಮಾಡಬೇಡಮ್ಮ, ಗಂಡನ ಜಾಗದಲ್ಲಿ ನಿನಗೆ ಕೆಲಸ, ನಾಳೆಯೇ ಬಾ," ಎಂದರಂತೆ.

"ನಾಳೆ ಹೋದೆ ನೋಡ್ರಿ. ಮತ್ತ ನಾಳೆ ಬಾ ಅಂದ್ರು. ಅವರ ಬಾಯಾಗಿನ ನಾಳೆ ನಾಕು ವರ್ಷ ನಡೀತು. ಆ ಸಾಹೇಬ ವರ್ಗ ಆಗಿ ಹೋದ. ಹೊಸಬ ಕೇಳಿದ, 'ಯಾರು ಹೇಳಿದ್ರು? ಬರೆದು ಕೊಟ್ಟಾರೇನು?' ಅಂತ. ಅವತ್ತ ಕಲಿತೆ."

ಆಮೇಲೆ ಹೇಗೋ ಜವಾನರ ಕೆಲಸ ಸಿಕ್ಕಿ, ಪರೀಕ್ಷೆ ಬರೆದು ಗುಮಾಸ್ತೆಯಾದರು. ಅಂದಿನಿಂದ ಅವರ ಬಾಯಲ್ಲಿ ಒಂದೇ ಮಾತು: "ಬರೆದು ಕೊಡ್ರಿ." ಚಹಾದವನು ನಾಳೆ ಹಾಲು ತಡವಾಗುತ್ತದೆ ಎಂದರೂ ಬರೆದು ಕೊಡಬೇಕು. ಮಗಳು ಏಳು ಗಂಟೆಗೆ ಮನೆಗೆ ಬರುತ್ತೇನೆ ಎಂದರೂ ಬರೆದು ಕೊಡಬೇಕು. ಒಮ್ಮೆ ಜ್ಯೋತಿಷಿಯೊಬ್ಬ ಕೈ ನೋಡಿ, ಎಂಬತ್ತು ವರ್ಷ ಬದುಕುತ್ತೀರಿ ಎಂದಿದ್ದನಂತೆ. ಅವನಿಗೂ ಕಾಗದ ಪೆನ್ನು ಕೊಟ್ಟರಂತೆ. ಅವನು ಎದ್ದು ಹೋದ. ಅವನು ಬರೆಯದೇ ಇದ್ದದ್ದು ಸರಿಯೇ ಆಯಿತು. ಅವರಿಗೆ ಅರವತ್ತೆರಡೂ ತುಂಬಲಿಲ್ಲ.

ಅವರ ವಶದಲ್ಲಿದ್ದದ್ದು ಮುದ್ದೇಮಾಲಿನ ಕೋಣೆ. ಪಾರ್ಕಿನಲ್ಲಿ ಕಾನೂನು ಮುರಿದವರಿಂದ ಕಿತ್ತುಕೊಂಡ ಸಾಮಾನೆಲ್ಲ ಕೇಸು ಮುಗಿಯುವ ತನಕ ಅಲ್ಲೇ ಇರಬೇಕು. ಕೊಡಲಿ, ಉರುಲು, ಮೀನಿನ ಗಾಳ ಸರಿ. ಜೊತೆಗೆ ಒಂದು ಡ್ರೋನ್, ಸ್ಪೀಕರ್‌ಗಳು, ಜೋಕರ್ ಇಲ್ಲದ ಇಸ್ಪೀಟು, ಮದುವೆಗೆ ಮುಂಚಿನ ಫೋಟೋಗೆ ಬಂದ ಜೋಡಿಯೊಂದರ ಬಣ್ಣದ ಹೊಗೆ ಉಗುಳುವ ಡಬ್ಬಿಗಳು. "ಆ ಜೋಡಿದ್ದು ಡಿವೋರ್ಸೂ ಆತು. ಹೊಗಿ ಡಬ್ಬಿ ಕೇಸ್ ಮಾತ್ರ ಇನ್ನೂ ನಡದೈತಿ," ಎನ್ನುತ್ತಿದ್ದರು. ಒಮ್ಮೆ ಮೇಯುತ್ತಿದ್ದ ಆಡೊಂದನ್ನು ಹಿಡಿದು ತಂದಿದ್ದರಂತೆ. ಅದು ಕೋಣೆಯೊಳಗೆ ಕಟ್ಟಿಹಾಕಿದ ಎರಡನೇ ದಿನವೇ ತನ್ನದೇ ಪಂಚನಾಮೆಯ ಮೊದಲ ಪುಟವನ್ನು ತಿಂದು ಮುಗಿಸಿತು. "ಸಾಕ್ಷಿ ನಾಶ ಮಾಡಿದ್ದಕ್ಕ ಅದರ ಮ್ಯಾಲ ಇನ್ನೊಂದು ಕೇಸ್ ಹಾಕಬೇಕಿತ್ರಿ. ಸಾಹೇಬ್ರಿಗೆ ಧೈರ್ಯ ಸಾಲಲಿಲ್ಲ."

ನಮ್ಮ ಬಿಲ್ಡಿಂಗಿನ ಸೆಕ್ರೆಟರಿಗೂ ಅವರಿಗೂ ಮೊದಲ ಭೇಟಿಯಲ್ಲೇ ಹಳಸಿತ್ತು. ನಮ್ಮ ಪಾರ್ಕಿಂಗಿನಲ್ಲಿ ಚಿರತೆ ಕಾಣಿಸಿಕೊಂಡಾಗ ಸೆಕ್ರೆಟರಿ ಹತ್ತು ಜನರನ್ನು ಕಟ್ಟಿಕೊಂಡು, ಅದನ್ನು ಕೂಡಲೇ ಬೇರೆಡೆ ಸಾಗಿಸಿ ಎಂದು ಅರ್ಜಿ ಕೊಡಲು ಹೋದ. ನಾನೂ ಹಿಂದೆ ನಿಂತಿದ್ದೆ. ಅವರು ಅರ್ಜಿಯನ್ನು ಓದಿ, "ಎದುರುಪಾರ್ಟಿಯ ವಿಳಾಸ ಬರೆದಿಲ್ಲ. ನೋಟಿಸು ಯಾರಿಗೆ ಕಳಿಸಲಿ?" ಎಂದು ಶುದ್ಧ ಮರಾಠಿಯಲ್ಲಿ ಕೇಳಿದರು. ಆಮೇಲೆ ಅವರೇ ಬಂದು ನಮ್ಮ ಕಾಂಪೌಂಡಿನ ಹಿಂದೆ ಬಿದ್ದಿದ್ದ ಕಸದ ರಾಶಿ, ಅದನ್ನು ಮುತ್ತಿದ ನಾಯಿಗಳು, ಎರಡನ್ನೂ ತೋರಿಸಿ, "ಊಟಕ್ಕೆ ಕರೆದವರು ನೀವೇ," ಎಂದರು. ಕಸ ತೆಗೆಸಿದೆವು. ಚಿರತೆ ಮತ್ತೆ ಬರಲಿಲ್ಲ. ಸೆಕ್ರೆಟರಿಗೆ ಆದ ಅವಮಾನ ಮಾತ್ರ ಹೋಗಲಿಲ್ಲ.

ಇನ್ನು ಜೆಸಿಬಿಯ ವಿಷಯ. ನಾನು ಅವರ ಬಗ್ಗೆ ಬರೆಯಬೇಕು ಅನ್ನಿಸಿದ್ದೇ ಅದರಿಂದ.

ಮದುವೆಗಳಿಗೆ ಲಾನ್ ಬಾಡಿಗೆಗೆ ಕೊಡುವ ದೊಡ್ಡ ಕುಳವೊಬ್ಬ ನಮ್ಮ ಕಡೆ ಇದ್ದ. ಅವನ ಜಾಗ ಪಾರ್ಕಿನ ಗಡಿಗೆ ತಾಗಿತ್ತು. ಮದುವೆಗಳು ಹೆಚ್ಚಾದ ಹಾಗೆ ಅವನ ಲಾನ್ ಸದ್ದಿಲ್ಲದೆ ಕಾಡಿನೊಳಗೆ ತೆವಳುತ್ತಿತ್ತು. ಒಂದು ಮುಂಜಾವು ಗುಡ್ಡದ ಇಳಿಜಾರನ್ನೇ ಜೆಸಿಬಿಯಿಂದ ಸವರಿ ಚಪ್ಪಟೆ ಮಾಡುತ್ತಿದ್ದಾಗ ಗಾರ್ಡುಗಳು ಯಂತ್ರದ ಸಮೇತ ಹಿಡಿದರು. ಅದು ಮುದ್ದೇಮಾಲಾಗಿ ಕಚೇರಿಯ ಅಂಗಳಕ್ಕೆ ಬಂದು ನಿಂತಿತು. ಕೋಣೆಯಲ್ಲಿ ಹಿಡಿಸದ ಮೊದಲ ಮುದ್ದೇಮಾಲು.

ಆ ದಿನದಿಂದ ಫೋನುಗಳು. ಬಿಡಿ, ಬಿಟ್ಟುಬಿಡಿ, ಸುಮ್ಮನೆ ಯಾಕೆ ದೊಡ್ಡದು ಮಾಡುತ್ತೀರಿ. ಕಚೇರಿಯ ಸಾಹೇಬರು ಒಳ್ಳೆಯವರು, ಆದರೆ ಫೋನ್ ಬಂದರೆ ಎದ್ದು ನಿಂತು ಮಾತಾಡುವವರು. ಅವರು ಬಂದು, "ಅಕ್ಕಾ, ಬಿಟ್ಟುಬಿಡೋಣವೇ?" ಎನ್ನುವರು. ಇವರು, "ಬಿಡೋಣ ಸಾಹೇಬ್, ಬರೆದು ಕೊಡಿ," ಎನ್ನುವರು. ಸಾಹೇಬರು ಬೆವರು ಒರೆಸಿಕೊಂಡು ಹೋಗುವರು. ಎರಡು ತಿಂಗಳು ಹೀಗೇ ಕಳೆಯಿತು. ಬಾಯಲ್ಲಿ ಹೇಳುವವರು ಎಷ್ಟೋ ಜನ, ಬರೆದು ಕೊಡುವವರು ಒಬ್ಬರೂ ಇಲ್ಲ.

ಆಗ ಸೆಕ್ರೆಟರಿಗೆ ನನ್ನ ನೆನಪಾಯಿತು. ಲಾನಿನವನು ಅವನ ಬೀಗ. ಮನೆಗೆ ಬಂದು ಸೋಫಾದಲ್ಲಿ ಕೂತು, "ಆಪ್ ಕೀ ಭಾಷಾ ವಾಲೀ ಹೈ. ಆಪ್ ಸಮಝಾವೋ," ಎಂದ; ನಿಮ್ಮ ಭಾಷೆಯವಳು, ನೀವೇ ತಿಳಿಹೇಳಿ ಅಂತ. ನಮ್ಮ ಮನೆಯ ಗೋಡೆಯಲ್ಲಿ ಆಗ ನೀರು ಸೋರುತ್ತಿತ್ತು, ಅದರ ದುರಸ್ತಿ ಅವನ ಕೈಯಲ್ಲಿತ್ತು. ನಾನು ದೊಡ್ಡ ಮನುಷ್ಯನಲ್ಲ. ಹೋದೆ.

ಹೋಗಿ ಅರ್ಧ ಗಂಟೆ ಹವಾಮಾನ ಮಾತಾಡಿದೆ. ಅವರು ಚಹಾ ತರಿಸಿದರು. ಕೊನೆಗೆ, "ಆ ಜೆಸಿಬಿ ವಿಷಯ... ಯಾಕೆ ಸುಮ್ಮನೆ ನಿಷ್ಠುರ ಕಟ್ಟಿಕೊಳ್ತೀರಿ ಅಂತ..." ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ತುರುಬಿನ ಪೆನ್ನು ತೆಗೆದು, ಒಂದು ಬಿಳಿ ಹಾಳೆಯ ಜೊತೆ ನನ್ನ ಮುಂದಿಟ್ಟರು.

"ಬರೆದು ಕೊಡ್ರಿ. ನಾನು ಇಂಥವ, ಇಂಥ ಬಿಲ್ಡಿಂಗ್, ಜೆಸಿಬಿ ಬಿಡಬೇಕಂತ ವಿನಂತಿ. ಕೆಳಗ ಸಹಿ."

ಪೆನ್ನು ಹಿಡಿದೆ. ದಿನಾಂಕ ಹಾಕಿದೆ. ಅಲ್ಲಿಗೆ ಕೈ ನಿಂತಿತು. ಇಡೀ ಜೀವಮಾನ ಬೇರೆಯವರ ಸಹಿ ಸರಿಯಿದೆಯೇ ಎಂದು ನೋಡಿದ ನನಗೆ ನನ್ನ ಸಹಿ ಹಾಕಲು ಆಗಲಿಲ್ಲ. ಪೆನ್ನನ್ನು ಮೇಜಿನ ಮೇಲಿಟ್ಟೆ.

"ಬರ್ಯಾಕ ಬರಂಗಿಲ್ಲ ಅಂದ್ರ ಹೇಳಾಕೂ ಬರಬಾರದ್ರಿ," ಎಂದರು ಮೆಲ್ಲಗೆ. ಆ ಮಾತಿಗೆ ನನ್ನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಅವರೇ ಎದ್ದು, "ಬರ್ರಿ, ಬಂದೀರಿ ಅಂದಮ್ಯಾಲ ಒಂದು ಕೆಲಸ ಆಗಲಿ. ನನಗೊಬ್ಬ ಹೊರಗಿನ ಸಾಕ್ಷಿ ಬೇಕಾಗ್ಯಾನ," ಎಂದು ಅಂಗಳಕ್ಕೆ ಕರೆದೊಯ್ದರು.

ವಿಷಯ ಏನೆಂದರೆ, ಅಂದು ಬೆಳಿಗ್ಗೆಯೇ ಲಿಖಿತ ಆದೇಶ ಬಂದುಬಿಟ್ಟಿತ್ತು. ಯಾರೋ ಕೊನೆಗೂ ಧೈರ್ಯ ಮಾಡಿ ಬರೆದಿದ್ದರು: ಯಂತ್ರವನ್ನು ಮಾಲೀಕನಿಗೆ ಬಿಡತಕ್ಕದ್ದು. ಅವರ ಕೈಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಬಿಡುವ ಮುನ್ನ ಯಂತ್ರದ ಸ್ಥಿತಿ ಬರೆದುಕೊಳ್ಳೋಣ ಎಂದು ಸುತ್ತ ಬರುವಾಗ, ಅದರ ತೋಳಿನ ಹಿಂದೆ, ಕಪ್ಪು ರಬ್ಬರ್ ಪೈಪುಗಳ ಸಂದಿಯಲ್ಲಿ ಅವರಿಗೆ ಒಂದು ಗೂಡು ಕಂಡಿತ್ತು.

ನಾನು ಕಬ್ಬಿಣದ ಮೆಟ್ಟಿಲು ಹತ್ತಿ ಇಣುಕಿದೆ. ಬಟ್ಟಲಿನಂಥ ಗೂಡು, ಒಳಗೆ ನಸುಗೆಂಪು ಚುಕ್ಕೆಗಳ ಮೂರು ಮೊಟ್ಟೆ. ಎಲ್ಲಿತ್ತೋ ಏನೋ, ಜುಟ್ಟಿನ ಬುಲ್‌ಬುಲ್ ಬಂದು ನನ್ನ ಬೋಳುತಲೆಗೆ ಸರಿಯಾಗಿ ಕುಕ್ಕಿತು.

"ಕುಕ್ಕಿತು ಅಂತನೂ ಬರಕೊಳ್ಳಲಿ?" ಎಂದು ಅವರು ಕೆಳಗಿನಿಂದ ಕೇಳಿದರು.

ಕಾಡುಹಕ್ಕಿಯ ಗೂಡು, ಮೊಟ್ಟೆಗೆ ಧಕ್ಕೆ ಮಾಡುವುದನ್ನೂ ವನ್ಯಜೀವಿ ಕಾಯ್ದೆ ಬೇಟೆ ಎಂದೇ ಕರೆಯುತ್ತದೆಯಂತೆ. ಅವರು ಆದೇಶವನ್ನು ತಿರಸ್ಕರಿಸಲಿಲ್ಲ. ಅದಕ್ಕೆ ಪೂರ್ತಿ ಗೌರವ ಕೊಟ್ಟು ಉತ್ತರ ಬರೆದರು: ಯಂತ್ರ ಬಿಡಲು ಸಿದ್ಧ, ಆದರೆ ಅದನ್ನು ಅಲುಗಿಸಿದರೆ ಬೇಟೆಯಾಗುತ್ತದೆ, ಬೇಟೆಯಾಡಬಹುದು ಎಂದು ದಯವಿಟ್ಟು ಬರೆದು ಕೊಡಬೇಕು. ಜೊತೆಗೆ ನನ್ನ ಸಹಿಯಿದ್ದ ಪಂಚನಾಮೆ. ಜೆಸಿಬಿ ಬಿಡಿಸಲು ಹೋಗಿದ್ದ ನಾನು, ಅದನ್ನು ಬಿಡಬಾರದು ಎಂಬ ಕಾಗದಕ್ಕೆ ಸಹಿ ಹಾಕಿ ಮನೆಗೆ ಬಂದೆ. ಹೆಂಡತಿ ಸೋರುವ ಗೋಡೆಯನ್ನೂ ನನ್ನನ್ನೂ ಸರದಿಯಂತೆ ನೋಡಿದಳು.

ಬೇಟೆಯಾಡಬಹುದು ಎಂದು ಯಾರೂ ಬರೆದು ಕೊಡಲಿಲ್ಲ. ಲಾನಿನವನು ನೇರ ಕೋರ್ಟಿಗೆ ಹೋದ: ಗೂಡು ಸುಳ್ಳು, ಗುಮಾಸ್ತೆ ಬೇಕೆಂದೇ ಕಾಡುತ್ತಿದ್ದಾಳೆ, ಅವಳ ಮೇಲೆ ಕ್ರಮ ಜರುಗಿಸಬೇಕು. ಅವರ ನೌಕರಿಗೇ ಕುತ್ತು. ನನಗೆ ಸಾಕ್ಷಿ ಹೇಳಲು ಸಮನ್ಸ್ ಬಂತು.

ಆ ದಿನ ಬೆಳಿಗ್ಗೆ ನಾನು ಸಮನ್ಸನ್ನು ಮೂರು ಸಲ ಜೇಬಿನಿಂದ ತೆಗೆದು ಓದಿದೆ. ಲೋಕಲ್‌ನಲ್ಲಿ ಅವರು ನನ್ನ ಎದುರೇ ಕೂತು ನೆಮ್ಮದಿಯಾಗಿ ಬಟಾಣಿ ಬಿಡಿಸುತ್ತಿದ್ದರು. "ಹೆದರಬ್ಯಾಡ್ರಿ, ನೋಡಿದ್ದು ಹೇಳ್ರಿ," ಎಂದರು. ಕಾಳನ್ನು ಕಸದ ಚೀಲಕ್ಕೂ ಸಿಪ್ಪೆಯನ್ನು ಡಬ್ಬಿಗೂ ಹಾಕುತ್ತಿದ್ದದ್ದು ಕಂಡಾಗ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಕಟಕಟೆಯಲ್ಲಿ ಲಾನಿನವನ ವಕೀಲ ಮೊದಲು ಹಕ್ಕಿಯ ಬಗ್ಗೆ ಕೇಳಿದ. ಬ್ಯಾಂಕಿನವನಿಗೆ ಕಾಗೆಗೂ ಬುಲ್‌ಬುಲ್‌ಗೂ ವ್ಯತ್ಯಾಸ ಗೊತ್ತೇ ಎಂದ. "ಗೊತ್ತು ಸರ್, ಹತ್ತಿರದಿಂದ ಪರಿಚಯವಾಯಿತು," ಎಂದು ತಲೆ ತೋರಿಸಿದೆ. ನೆಗಡಿಯಾಗಿದ್ದ ಮ್ಯಾಜಿಸ್ಟ್ರೇಟರು ಕರವಸ್ತ್ರದ ಹಿಂದೆ ನಕ್ಕರೋ ಸೀನಿದರೋ ತಿಳಿಯಲಿಲ್ಲ. ಆಗ ವಕೀಲ, ಪಾರ್ಕಿನ ಕಡತದಿಂದ ಪ್ರತಿ ಮಾಡಿಸಿಕೊಂಡಿದ್ದ ಇನ್ನೊಂದು ಕಾಗದವನ್ನು ಚೀಲದಿಂದ ಎಳೆದ. ನನ್ನ ಕೈಬರಹ ದೂರದಿಂದಲೇ ಗುರುತು ಸಿಕ್ಕಿತು.

"ಈ ಸಾಕ್ಷಿ ಇದೇ ಪಾರ್ಕಿನಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದವನು, ಸ್ವಾಮಿ. ತಾನೇ ಬರೆದುಕೊಟ್ಟಿದ್ದಾನೆ. ಇಂಥ ಕಳ್ಳನ ಮಾತನ್ನು ನಂಬಬೇಕೇ?"

ಹಿಂದಿನ ಬೆಂಚಿನತ್ತ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು.

"ಏನು ಕದ್ದಿದ್ದಿರಿ?" ಮ್ಯಾಜಿಸ್ಟ್ರೇಟರು ಕೇಳಿದರು.

"ಮಣ್ಣು, ಸ್ವಾಮಿ. ತುಳಸಿ ಗಿಡಕ್ಕೆ. ಒಂದು ಚೀಲ. ವಾಪಸ್ ಹಾಕಿದ್ದೇನೆ."

ಮ್ಯಾಜಿಸ್ಟ್ರೇಟರು ಮೂಗು ಒರೆಸಿಕೊಂಡರು. ಆಮೇಲೆ ವಕೀಲನ ಕಡೆ ತಿರುಗಿ ಕೇಳಿದರು: "ಒಂದು ಚೀಲ ಮಣ್ಣು ತೆಗೆದವನು ಕಳ್ಳ ಎಂದು ನೀವೇ ಹೇಳಿದಿರಿ. ಒಪ್ಪಿದೆ. ನಿಮ್ಮ ಕಕ್ಷಿದಾರ ಎಷ್ಟು ಚೀಲ ತೆಗೆದಿದ್ದಾನೆ?"

ವಕೀಲ, ತನ್ನ ಕಕ್ಷಿದಾರನ ಜಾಗ ಕಾಡಿನ ಗಡಿಯ ಹೊರಗಿದೆ ಎಂದು ತೊದಲಿದ. ಹಾಗಾದರೆ ಅಳೆದು ನೋಡೋಣ ಎಂದರು ಮ್ಯಾಜಿಸ್ಟ್ರೇಟರು. ಅಳತೆ ಮುಗಿಯುವ ತನಕ ಜೆಸಿಬಿ ಕದಲಬಾರದು ಎಂದು ಆದೇಶವಾಯಿತು. ಲಿಖಿತ ಆದೇಶ.

ಅಳತೆಯಲ್ಲಿ ಪೊದೆಯೊಳಗೆ ಹಳೆಯ ಗಡಿಕಲ್ಲುಗಳು ಸಿಕ್ಕವು. ಸವರಿದ ಇಳಿಜಾರು ಪೂರ್ತಿ ಪಾರ್ಕಿನದೇ. ಜಾಗ ಮರಳಿ ಬಂತು, ಸುತ್ತ ಬೇಲಿ ಎದ್ದಿತು. ಬುಲ್‌ಬುಲ್‌ನ ಮರಿಗಳು ಅಷ್ಟರಲ್ಲಿ ಹಾರಿಹೋಗಿದ್ದವು. ಗೂಡು ಖಾಲಿಯಾಯಿತು ಎಂದು ಕೂಡ ಅವರು ನನ್ನಿಂದ ಸಹಿ ಹಾಕಿಸಿಕೊಂಡರು.

ಅದಾಗಿ ಒಂದು ತಿಂಗಳಿಗೆ ಅವರಿಗೆ ವರ್ಗವಾಯಿತು. ದೂರದ ಕಟ್ಟಿಗೆ ಡಿಪೋ, ಬೊರಿವಲಿಯಿಂದ ಎರಡು ರೈಲು, ಒಂದು ಬಸ್ಸು. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ನಾನು ಸಂತಾಪದ ಮುಖ ಮಾಡಿಕೊಂಡು ಹೋದೆ. ಅವರು ಆದೇಶದ ಪ್ರತಿಯನ್ನು ಮಡಚುತ್ತ, "ನೋಡ್ರಿ, ಬರ್ಯಾಕ ಬರ್ತೈತಿ ಇವ್ರಿಗೆ!" ಎಂದು ನಕ್ಕರು. ನಗು ಪೂರ್ತಿ ಆಗಲಿಲ್ಲ. ಮುದ್ದೇಮಾಲಿನ ಕೋಣೆಗೆ ಬೀಗ ಹಾಕಿ, ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡಿದರು. ನಮ್ಮ ಸೆಕ್ರೆಟರಿ ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ. ಗೋಡೆಯನ್ನು ನಾನೇ ರಿಪೇರಿ ಮಾಡಿಸಿಕೊಂಡೆ.

ನಿವೃತ್ತಿಯಾದ ಮೇಲೆ ಅವರು ಆಂಟಾಪ್ ಹಿಲ್‌ನ ತಮ್ಮನ ಮನೆಗೆ ಹೋದರು. ಕಳೆದ ವರ್ಷ ಮಳೆಗಾಲ ಮುಗಿದಾಗ ಒಂದು ದಿನ ಫೋನ್ ಮಾಡಿ, "ಆ ಜಾಗ ನೋಡಬೇಕಾಗೈತಿ, ಬರ್ತೀರೇನು?" ಎಂದರು. ಗೇಟಿನಲ್ಲಿ ಹಳೆಯ ಗಾರ್ಡ್ ಸಲಾಂ ಹೊಡೆದು ಒಳಗೆ ಬಿಡಲು ಬಂದ. ಅವರು ಕೇಳಲಿಲ್ಲ. "ಈಗ ನಾ ಪಬ್ಲಿಕ್," ಎಂದು ಶಾಲಾಮಕ್ಕಳ ಹಿಂದೆ ಸಾಲಿನಲ್ಲಿ ನಿಂತು ಟಿಕೆಟ್ ತಗೊಂಡರು. ಏರಿನಲ್ಲಿ ಉಸಿರು ಕಟ್ಟಿ ಎರಡು ಕಡೆ ನಿಂತರು. ಅದನ್ನು ನಾನು ವಯಸ್ಸು ಎಂದುಕೊಂಡೆ.

ಬೇಲಿಯ ಪಕ್ಕ ತುಕ್ಕು ಹಿಡಿದ ಬೋರ್ಡಿತ್ತು, ಇಲ್ಲಿ ಇಂತಿಷ್ಟು ಸಸಿ ನೆಡಲಾಗಿದೆ ಎಂದು. ನೆಟ್ಟ ಸಸಿಗಳು ಸಾಲಾಗಿ, ಶಿಸ್ತಿನಿಂದ ಸತ್ತಿದ್ದವು. ಆದರೆ ಸಾಲುಗಳ ನಡುವೆ, ಅಡ್ಡಾದಿಡ್ಡಿಯಾಗಿ, ತೇಗ ಮೊಳೆತಿತ್ತು; ಮೂರು ಮೂರು ಎಲೆಯ ಮುತ್ತುಗ ಸೊಂಟದೆತ್ತರ ಬಂದಿತ್ತು; ಹೆಸರು ಗೊತ್ತಿಲ್ಲದ ಬಳ್ಳಿಯೊಂದು ಬೋರ್ಡಿನ ಅರ್ಧ ಅಕ್ಷರಗಳನ್ನು ಆಗಲೇ ಮುಚ್ಚಿತ್ತು.

ಅವರು ಒಂದು ಕಲ್ಲಿನ ಮೇಲೆ ಕೂತರು.

"ಎರಡು ವರ್ಷ ಕಟ್ಟಿಗಿ ಕಾದೆ, ಸಾಹೇಬ್ರ. ದಿನಾ ಸಿಟ್ಟು ಬರ್ತಿತ್ತು. ಸತ್ತ ಮರಕ್ಕ ಕಾವಲು ಕುಂದರ್ಸ್ಯಾರಲ್ಲ ಅಂತ." ಮುತ್ತುಗದ ಎಲೆಯೊಂದನ್ನು ಕೀಳದೆ, ಬರೀ ಬಗ್ಗಿಸಿ ನೋಡಿ ಬಿಟ್ಟರು. "ಸರಕಾರ ಹಚ್ಚಿದ್ದು ಒಂದೂ ಬದುಕಿಲ್ಲ. ಇವನ್ನ ಯಾರೂ ಹಚ್ಚಿಲ್ಲ ನೋಡ್ರಿ. ಜಾಗಾ ಬಿಟ್ವಿ, ಅಷ್ಟ."

ಕೆಳಗಿನಿಂದ ಗಾರ್ಡಿನ ಸೀಟಿ ಕೇಳಿಸಿತು. ಎಲ್ಲರೂ ಹೊರಗೆ ಹೋಗುವ ಹೊತ್ತು. ಅವರನ್ನು ಎಬ್ಬಿಸಲು ನಾನು ಕೈ ಕೊಟ್ಟೆ. ಅವರು ಮೊಣಕಾಲು ಒತ್ತಿಕೊಂಡು ತಾವೇ ಎದ್ದರು.

"ನಡೀರಿ, ನಡೀರಿ," ಎಂದರು. "ಇನ್ನೂ ಇಲ್ಲೇ ಕುಂತ್ರ ನಾವಿಬ್ರೂ ಅತಿಕ್ರಮಣ."